ಬಿಳಿಚದ ಚಹಾ

ವೆನ್ ಚ್ಯಾವ್‌ಯಿನ್ ಎಲೆ ಹುರಿದರೆ ಫೆಂಗ್‌ಹ್ವಾಂಗ್ ಬೆಟ್ಟದ ಮೂರು ಕಣಿವೆಗಳಾಚೆಯ ಬೆಕ್ಕುಗಳೂ ಮೂಗರಳಿಸಿ ಎದ್ದು ಕೂರುತ್ತಿದ್ದವು. ಆ ಕೈಗುಣವೇ ಅವಳಿಗೆ ಮುಳುವಾಯಿತು. ಕೆಳಗಿನ ಪೇಟೆಯ ಶಾಲೆಯವರು ಮಕ್ಕಳಿಗೆ ಚಹಾದ ರೀತಿರಿವಾಜು ಕಲಿಸಲು ಒಂದೇ ಒಂದು ತಿಂಗಳೆಂದು ಕರೆದೊಯ್ದರು. ಆ ತಿಂಗಳಿಗೆ ಇದು ಮೂರನೆಯ ವಸಂತ.

ಮನೆಯ ಹಿಂದೆ ಮುತ್ತಜ್ಜನ ಕಾಲದ ಚಹಾ ಮರವಿದೆ. ಅದರ ಚಿಗುರು ವರ್ಷಕ್ಕೊಂದೇ ದಿನ ಹದಕ್ಕೆ ಬರುತ್ತದೆ. ಮರುದಿನ ಬಲಿತು ಚಪ್ಪಲಿ ಹೊಲಿಯಲು ಸರಿ. ಹಿಂದಿನ ಎರಡು ವರ್ಷವೂ ರಜೆ ಕೇಳಲು ಹೋಗಿ, ಚಹಾ ಕುಡಿದು ಹಿಂತಿರುಗಿದ್ದಳು. ಇವತ್ತು ತಮ್ಮ ಫೋನ್ ಮಾಡಿದ್ದ.

"ಅಕ್ಕಾ, ನಾಳೆ ಕೀಳ್ತೀವಿ. ನೀನು ಬರದೇ ಇದ್ರೆ ಹೋದ್ವರ್ಷದ ಹಾಗೆ ನಾನೇ ಸುಟ್ಟು ಇದ್ದಿಲು ಮಾಡ್ತೀನಿ, ನೋಡ್ಕೋ!"

ಬೆಟ್ಟದ ಕೊನೆಯ ಬಸ್ಸು ನಾಲ್ಕಕ್ಕೆ. ಮೂರಕ್ಕೇ ಅವಳು ಮುಖ್ಯೋಪಾಧ್ಯಾಯ ಜುವಾಂಗ್ ಅವರ ಕೋಣೆ ಹೊಕ್ಕಳು.

"ಬನ್ನಿ ಚಿಕ್ಕಮ್ಮ, ಮೊದ್ಲು ಚಹಾ ಆಗ್ಲಿ. ನೀವೇ ಹುರಿದಿದ್ದು! ಮೂರು ವರ್ಷದಿಂದ ಡಬ್ಬೀಲಿ ಕಾಪಾಡಿದ್ದೀನಿ."

ಅದೇ ಎಲೆಗೆ ಸುತ್ತು ಸುತ್ತಾಗಿ ಬಿಸಿನೀರು ಹುಯ್ದು, ಬಣ್ಣ ತೀರಿ ಚಹಾ ಬಿಳಿಚುವ ಮುಂಚೆ ಅತಿಥಿ ಹೊರಡುವ ಮಾತೆತ್ತಿದರೆ, ಚಹಾ ಕೊಟ್ಟವರ ಮುಖಕ್ಕೇ ಅದನ್ನು ಎರಚಿದಂತೆ. ಇದನ್ನು ನಾನೂರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೇ ಅವಳು. ಅಂದಿನಿಂದ ಪೇಟೆಯ ನೆಂಟರೆಲ್ಲ ಎದ್ದು ಹೋಗಲಾಗದೆ ಸೋಫಾಗಳಲ್ಲಿ ಬೇರುಬಿಟ್ಟಿದ್ದರು.

ಏಳನೆಯ ಸುತ್ತಿಗೂ ಜೇನಿನ ಬಣ್ಣ. ಒಂಬತ್ತಕ್ಕೂ ಅದೇ. ಹುರಿಯುವಾಗ ಒಂಚೂರು ಕೆಡಿಸಬಾರದಿತ್ತೇ ಎಂದು ತನ್ನ ಕೈಗಳನ್ನೇ ಶಪಿಸಿಕೊಂಡಳು.

"ಏನೋ ಹೇಳಕ್ಕೆ ಬಂದಹಾಗಿತ್ತು?"

"ಹ್ಞೂಂ... ಇದು ಬಿಳಿಚ್ಲಿ, ಹೇಳ್ತೀನಿ."

"ನಿಮ್ಮೆಲೆ ಬಿಳಿಚೋದುಂಟಾ! ನಾನು ರಿಟೈರ್ ಆದ್ರೂ ಬಣ್ಣ ಬಿಡ್ತಾನೇ ಇರುತ್ತೆ."

ಹದಿಮೂರನೆಯ ಸುತ್ತಿಗೆ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ, ಚಹಾ ಬಿಳಿಚಿತು. ಅವಳು ಬಾಯಿ ತೆರೆದಳು. ಬಾಗಿಲೂ ತೆರೆಯಿತು. ವ್ಯಾಯಾಮದ ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ಒಳಬಂದರು.

"ಒಳ್ಳೇ ಹೊತ್ತಿಗೇ ಬಂದ್ರಿ ಮೇಷ್ಟ್ರೇ!"

ಹೊಸ ಅತಿಥಿಗೆ ಹೊಸ ಎಲೆ ಹಾಕಲೇಬೇಕು. ಜುವಾಂಗ್ ಹಳೆಯದನ್ನು ಸುರಿದು, ಕುಡಿಕೆಗೆ ಹೊಸ ಎಲೆ ತುಂಬಿ ನೀರು ಹುಯ್ದರು. ಆಮೇಲೆ ಕುಡಿಕೆಯನ್ನು ಮೊಳದೆತ್ತರಕ್ಕೆ ಹಿಡಿದು ಬಟ್ಟಲಿಗೆ ಬಗ್ಗಿಸತೊಡಗಿದರು. ಪರಿಮಳವೆಲ್ಲ ಗಾಳಿಪಾಲು.

ಚ್ಯಾವ್‌ಯಿನ್ ತಡೆದುಕೊಳ್ಳಲಾರದೆ ಹೋದಳು. "ಕೊಡಿ ಇಲ್ಲಿ! ನೀರು ಮೇಲಿಂದ, ಚಹಾ ಕೆಳಗಿಂದ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು!"

ಕುಡಿಕೆ ಕಸಿದುಕೊಂಡಮೇಲೆ ತಿಳಿಯಿತು: ಬಗ್ಗಿಸುವವರಂತೂ ನಡುವೆ ಏಳುವಂತೆಯೇ ಇಲ್ಲ. ಮೂರು ಬಟ್ಟಲಿಗೂ ಸಮನಾಗಿ ಹಂಚಿದಳು. ಮೇಷ್ಟ್ರು ಮೇಜಿನ ಮೇಲೆ ಎರಡು ಬೆರಳು ತಟ್ಟಿ ವಂದಿಸಿದರು.

ಕಿಟಕಿಯಾಚೆ ಬಸ್ಸು ಹಾರನ್ ಹೊಡೆದು ತಿರುವಿನಲ್ಲಿ ಮರೆಯಾಯಿತು. ಬಟ್ಟಲಲ್ಲಿ ಅದೇ ಜೇನಿನ ಬಣ್ಣ. ಇನ್ನೂ ಹನ್ನೆರಡು ಸುತ್ತು ಬಾಕಿ.