ಜೋಡಿಮೀನಿನ ಕಾರಿನ ಫೋರ್ಮನ್

ಫೋರ್ಮನ್‌ರ ಬಲಗಿವಿಯ ಹಿಂದೆ ಕರಿಮಸಿಯ ಒಂದು ಗೆರೆಯಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅವರ ಹತ್ತಿರ ಯಾರೂ ಮಾತಾಡುವಂತಿಲ್ಲ. ಒಂದೆರಡು ನಿಮಿಷ ಬಿಟ್ಟು ಕಣ್ಣು ತೆರೆದು, "ಮೂರನೆಯದು ಕೆಮ್ಮುತ್ತಾ ಉಂಟು" ಎನ್ನುತ್ತಿದ್ದರು. ಮೂರನೆಯ ಸಿಲಿಂಡರನ್ನೇ ಬಿಚ್ಚುತ್ತಿದ್ದರು.

ನಾನು ತಿರುವನಂತಪುರದಲ್ಲಿ ಕಾನೂನು ಓದಿ ಮುಗಿಸಿ, ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ಒಂದು ಕಾರು ಕಂಪನಿಯ ಷೋರೂಮಿಗೆ ಲೀಗಲ್ ಆಫೀಸರ್ ಆಗಿ ಸೇರಿದ್ದೆ. ಷೋರೂಮಿನ ಹಿಂದೆ ವರ್ಕ್‌ಶಾಪ್. ಅಲ್ಲಿ ಎಲ್ಲರೂ ಅವರನ್ನು 'ಆಶಾನ್' ಎನ್ನುತ್ತಿದ್ದರು, ಗುರು ಎನ್ನುವ ಹಾಗೆ. ನಾನೊಬ್ಬಳೇ 'ಫೋರ್ಮನ್‌ರೇ' ಎನ್ನುತ್ತಿದ್ದೆ. ಮೊದಲ ದಿನ ನನ್ನ ಊರು ಕಾಸರಗೋಡು ಎಂದು ತಿಳಿದಾಗ ಅವರು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಾ, "ನಾನು ಅಲ್ಲೇ ಬದಿಯಡ್ಕದವ. ಸದ್ಯ, ಇನ್ನು ಇಲ್ಲಿಯವರನ್ನು ಬೈಯಲಿಕ್ಕೆ ನನಗೊಂದು ಭಾಷೆ ಆಯ್ತು, ಮೋಳೇ" ಎಂದರು. ಉಳಿದದ್ದೆಲ್ಲ ಕನ್ನಡವೇ ಆದರೂ ಮಗಳೇ ಎನ್ನುವುದಕ್ಕೆ ಅವರ ಬಾಯಲ್ಲಿ ಮಲಯಾಳದ ಮೋಳೇ ಎಂದೇ ಬರುತ್ತಿತ್ತು.

ನಮ್ಮ ಕಾರಿನ ಲಾಂಛನ ಜೋಡಿ ಮೀನು. ಮೂವತ್ತು ವರ್ಷ ಅವರು ಬೇರೆ ಕಂಪನಿಯ ಕಾರನ್ನು ಮುಟ್ಟಿದವರಲ್ಲ. ನಿವೃತ್ತಿಯಾದ ಮೇಲೂ ಕಂಪನಿ ವರ್ಷಕ್ಕೊಮ್ಮೆ ಕಾಂಟ್ರಾಕ್ಟ್ ಬರೆಸಿಕೊಂಡು ಅವರನ್ನು ಇಟ್ಟುಕೊಂಡಿತ್ತು. ಹಳೆಯ ಗಿರಾಕಿಗಳು ಮ್ಯಾನೇಜರನ್ನು ಕೇಳುತ್ತಿರಲಿಲ್ಲ. ನೇರ ಹಿಂದಕ್ಕೆ ಹೋಗಿ ಆಶಾನ್ ಎಲ್ಲಿ ಎನ್ನುತ್ತಿದ್ದರು.

ನಾನು ಸೇರಿದ ವರ್ಷವೇ ನಮ್ಮ ಕಂಪನಿಯನ್ನು ಹೊರದೇಶದ ದೊಡ್ಡ ಕಂಪನಿಯೊಂದು ಕೊಂಡಿತು. ಮುಂಬೈಯಿಂದ ಅಧಿಕಾರಿಗಳು ಬಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಹೆಸರು ಹಾಗೆಯೇ ಇರುತ್ತದೆ, ಮೀನು ಹಾಗೆಯೇ ಇರುತ್ತದೆ, ಬ್ರ್ಯಾಂಡಿನ ಆತ್ಮ ಹಾಗೆಯೇ ಇರುತ್ತದೆ ಎಂದರು. ಕೊನೆಯ ಸಾಲಿನಲ್ಲಿ ಫೋರ್ಮನ್‌ರು ಎದ್ದು ನಿಂತು, "ಸಾರ್, ಇಂಜಿನ್ ಯಾರದ್ದು?" ಎಂದು ಕೇಳಿದರು. ಅಧಿಕಾರಿ ನಕ್ಕು, ಒಳ್ಳೆಯ ಪ್ರಶ್ನೆ ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋದರು.

ಮುಂದಿನ ವರ್ಷ ಹೊಸ ಕಾರು ಬಂತು. ಅದಕ್ಕೆ ಕಂಪನಿಯ ಅತ್ಯಂತ ಹೆಸರುವಾಸಿಯಾದ ಹಳೆಯ ಕಾರಿನ ಹೆಸರನ್ನೇ ಇಟ್ಟಿದ್ದರು. 'ನಿಮ್ಮ ಅದೇ ಕಾರು, ಅದೇ ಇಂಜಿನ್, ಇನ್ನೂ ಹದವಾಗಿ' ಎಂದು ಜಾಹೀರಾತಿನಲ್ಲಿತ್ತು. ಕಾರು ಷೋರೂಮಿಗೆ ಬಂದ ದಿನವೇ ತಿರುವನಂತಪುರದಿಂದ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಬಂದರು. ಕೊಚ್ಚಿಯಲ್ಲಿದ್ದಾಗ ಅವರ ಹಳೆಯ ಕಾರನ್ನು ಹದಿನೆಂಟು ವರ್ಷ ಓಡುವಂತೆ ಇಟ್ಟವರು ಫೋರ್ಮನ್‌ರು. "ಆಶಾನ್, ಇದು ಅದೇ ಕಾರಾ?" ಎಂದು ಟೀಚರ್ ಕೇಳಿದರು. "ಅದೇ, ಟೀಚರ್" ಎಂದರು ಫೋರ್ಮನ್. ಅಲ್ಲಿಯವರೆಗೆ ಅವರು ಅದರ ಬಾನೆಟ್ ತೆರೆದು ನೋಡಿರಲಿಲ್ಲ.

ತೆರೆದದ್ದು ಮರುದಿನ. ಮಧ್ಯಾಹ್ನ ನನ್ನನ್ನು ಕರೆಸಿದರು. ಬಿಚ್ಚಿಟ್ಟ ಒಂದು ಭಾಗದ ಮೇಲೆ ಏನನ್ನೋ ಉಜ್ಜಿ ತೆಗೆದ ಜಾಗವಿತ್ತು. ಅಲ್ಲಿ ಬೆರಳಿಟ್ಟು, "ಇಲ್ಲಿ ದೊಡ್ಡ ಕಂಪನಿಯ ಗುರುತು ಇದ್ದದ್ದು. ಇಂಜಿನ್, ಗೇರ್ ಬಾಕ್ಸ್, ಚಾಸಿ, ಪೂರಾ ಅವರದ್ದು. ಮೀನು ಮಾತ್ರ ನಮ್ಮದು" ಎಂದರು. "ಟೀಚರಿಗೆ ಎಂತ ಹೇಳಿಬಿಟ್ಟೆ ನಾನು!" ಎಂದು ಎರಡು ಸಲ ಅಂದರು. ಟೀಚರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಅವರು ಕಾರು ಬುಕ್ ಮಾಡಿಯಾಗಿತ್ತು, ಅದೇ ಇಂಜಿನ್ ಎಂದು ಬ್ರೋಷರಿನಲ್ಲಿ ಅಚ್ಚಾಗಿದೆಯಲ್ಲ ಆಶಾನ್ ಎಂದರಂತೆ.

ಮೂರು ತಿಂಗಳಲ್ಲಿ ಗೇರ್ ಬಾಕ್ಸ್ ಎರಡು ಸಲ ಕೈಕೊಟ್ಟಿತು. ಟೀಚರ್ ತಿರುವನಂತಪುರದ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಒಂದು ಕಾರಿನ ಹೆಸರು ಹೇಳಿ ನನಗೆ ಇನ್ನೊಂದು ಕಾರು ಮಾರಿದ್ದಾರೆ ಎಂಬುದೇ ದೂರಿನ ತಿರುಳು. ನಮ್ಮ ಪರವಾಗಿ ಫೋರ್ಮನ್‌ರೇ ಸಾಕ್ಷಿ ಹೇಳಬೇಕೆಂದು ಮ್ಯಾನೇಜರು ತೀರ್ಮಾನಿಸಿದರು. ಟೀಚರಿಗೆ ನಂಬಿಕೆಯಿರುವ ಮನುಷ್ಯ ಅವರೊಬ್ಬರೇ ಎಂಬುದು ಲೆಕ್ಕಾಚಾರ. ವಾದ ಮಾಡುವ ವಕೀಲರು ಬೇರೆ. ಸಾಕ್ಷಿಯನ್ನು ತಯಾರು ಮಾಡುವುದು ನನ್ನ ಕೆಲಸ. 'ಇದು ನಮ್ಮ ಹಳೆಯ ಕಾರಿನದೇ ಮುಂದುವರಿದ ರೂಪ' ಎಂಬ ವಾಕ್ಯವನ್ನು ಮಲಯಾಳದಲ್ಲಿ ಟೈಪ್ ಮಾಡಿ ಅವರಿಗೆ ಕೊಟ್ಟೆ. ಆಗ ನನಗೆ ಏನೂ ಅನಿಸಲಿಲ್ಲ. ಆ ವರ್ಷ ಅಂಥ ಕಾಗದಗಳನ್ನು ಬಹಳ ಟೈಪ್ ಮಾಡಿದ್ದೆ.

ವಿಚಾರಣೆಯ ದಿನ ಬೆಳಗಿನ ರೈಲಿನಲ್ಲಿ ಇಬ್ಬರೂ ತಿರುವನಂತಪುರಕ್ಕೆ ಹೋದೆವು. ಸಮಯವಿತ್ತು. ಹೆಂಡತಿ ಹೇಳಿದ್ದಾಳೆಂದು ಅವರು ಚಾಲೈ ಮಾರ್ಕೆಟಿಗೆ ನಡೆದರು. ನಾಲ್ಕು ಅಂಗಡಿಗಳಲ್ಲಿ ಅರಿಸಿನದ ಕೊಂಬು ಮುರಿದು ನೋಡಿ ಐದನೆಯದರಲ್ಲಿ ಎರಡು ಕಿಲೋ ಕೊಂಡರು. ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೇಳಿದರು:

"ಮೋಳೇ, ಕಂಪನಿಯ ಮಾತು ಬೇಡ. ನೀನು ಕಲಿತದ್ದುಂಟಲ್ಲ, ಆ ಕಾನೂನು ಎಂತ ಹೇಳ್ತದೆ?"

ಮೂಟೆ ಹೊತ್ತವರು ದಾರಿ ಬಿಡಿ ಎಂದು ಕೂಗುತ್ತಿದ್ದರು. ನಾನು ಹೇಳಿದೆ, "ಪ್ರಮಾಣ ಮಾಡಿದ ಮೇಲೆ ನಿಮಗೆ ಗೊತ್ತಿರುವುದನ್ನು ಹೇಳಬೇಕು. ಅಷ್ಟೇ."

"ಅಷ್ಟೇಯಾ?"

"ಅಷ್ಟೇ. ಆದರೆ ಕಂಪನಿ ನಿಮ್ಮ ಕಾಂಟ್ರಾಕ್ಟ್ ಮತ್ತೆ ಬರೆಯಲಿಕ್ಕಿಲ್ಲ."

"ಅದು ಕಾನೂನಲ್ಲ" ಎಂದರು. ಜೇಬಿನಿಂದ ನಾನು ಕೊಟ್ಟ ಕಾಗದ ತೆಗೆದು, "ಇದು ನಿನ್ನ ಹತ್ತಿರವೇ ಇರಲಿ" ಎಂದು ಹಿಂದಿರುಗಿಸಿದರು. ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಆಯೋಗದಲ್ಲಿ ಅವರು ಮಲಯಾಳದಲ್ಲಿ, ವರ್ಕ್‌ಶಾಪಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು: "ಮೀನು ನಮ್ಮದು, ಹೆಸರು ನಮ್ಮದು. ಇಂಜಿನ್ನೂ ಗೇರ್ ಬಾಕ್ಸೂ ನಮ್ಮನ್ನು ಕೊಂಡವರದ್ದು. ಕೆಟ್ಟ ಇಂಜಿನ್ ಎಂದು ನಾನು ಹೇಳುವುದಿಲ್ಲ. ಆದರೆ ಟೀಚರ್ ಕೇಳಿದ ಕಾರು ಇದಲ್ಲ. ಅದೇ ಕಾರು ಎಂದು ಅವರಿಗೆ ಮೊದಲು ಹೇಳಿದವನು ನಾನು. ನೋಡದೆ ಹೇಳಿದೆ, ತಪ್ಪಾಯಿತು." ನಮ್ಮ ವಕೀಲರು ಫೈಲಿನಿಂದ ತಲೆಯೆತ್ತಲಿಲ್ಲ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿರುಗುವ ರೈಲಿನಲ್ಲಿ ಫೋರ್ಮನ್‌ರು ಅರಿಸಿನದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರ್ನಾಕುಳಂವರೆಗೂ ನಿದ್ದೆ ಮಾಡಿದರು.

ಮರುದಿನ ಮ್ಯಾನೇಜರು ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು. ನನ್ನ ಕಡೆ ತಿರುಗಿ, "ಇವರಿಗೆ ಏನು ಹೇಳಿಕೊಟ್ಟೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಫೋರ್ಮನ್‌ರು ಹೇಳಿದರು, "ಅವಳದ್ದು ತಪ್ಪಿಲ್ಲ ಸಾರ್. ರೈಲಿನಲ್ಲಿ ಮೂರು ಸಲ ಓದಿಸಿದ್ದಾಳೆ, ಹೀಗೇ ಹೇಳಬೇಕು ಅಂತ ಕಾಲು ಹಿಡಿಯುವುದೊಂದು ಬಾಕಿ. ನಾನು ಕೇಳಲಿಲ್ಲ. ಕಾಗದವನ್ನು ಕಿಟಕಿಯಿಂದ ಎಸೆದೆ."

ಕಾಗದ ಆ ಹೊತ್ತಿಗೆ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು. ಹಿಂದಿನ ದಿನ ಕಂಪನಿಗಾಗಿ ಒಂದು ಸುಳ್ಳು ಹೇಳದ ಮನುಷ್ಯ ನನಗಾಗಿ ಸಲೀಸಾಗಿ ಮೂರು ಹೇಳಿದರು. "ಹೌದಾ?" ಎಂದು ಮ್ಯಾನೇಜರು ನನ್ನನ್ನು ಕೇಳಿದರು. ನಾನು "ಹೌದು" ಎಂದೆ.

ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟ್ ಮುಗಿಯಿತು. ಮತ್ತೆ ಬರೆಯಲಿಲ್ಲ. ಬೀಳ್ಕೊಡುಗೆಯೂ ಇರಲಿಲ್ಲ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ಹೋದರು. ಟೀಚರಿಗೆ ನ್ಯಾಯ ಸಿಕ್ಕಿತು. ತೀರ್ಪನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಮುಂಬೈಗೆ ಕಳಿಸಿದವಳು ನಾನೇ. ಅದರಲ್ಲಿ ಫೋರ್ಮನ್‌ರ ಮಾತುಗಳಿದ್ದವು. ಅವರ ಹೆಸರಿನ ಜಾಗದಲ್ಲಿ 'ಸಾಕ್ಷಿ ಸಂಖ್ಯೆ ಒಂದು' ಎಂದು ಬರೆದೆ.

ಒಂದು ಭಾನುವಾರ ವೈಟ್ಟಿಲದ ಅವರ ಮನೆಗೆ ಹೋಗಿದ್ದೆ. ಹೇಳಬೇಕೆಂದು ಕೆಲವು ಮಾತು ಜೋಡಿಸಿಕೊಂಡಿದ್ದೆ. "ಅದು ಬಿಡು. ನಿನಗೆ ಅಲ್ಲಿ ಇನ್ನೂ ಬಹಳ ವರ್ಷ ಉಂಟು, ನನಗೆ ಎಂತ ಇತ್ತು?" ಎಂದರು. ಆಮೇಲೆ ಊಟಕ್ಕೆ ಕೂತಾಗ ಸಾರು ಹೇಗಾಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ರುಚಿ ಗೊತ್ತಾಗಿರಲಿಲ್ಲ.

ಕಳೆದ ವರ್ಷ ಹೃದಯಾಘಾತದಿಂದ ಹೋದರು. ಫೋನ್ ಬಂದಾಗ ನಾನು ಒಂದು ನೋಟೀಸಿಗೆ ಉತ್ತರ ಬರೆಯುತ್ತಿದ್ದೆ. ಅದನ್ನು ಮುಗಿಸಿ, ಇನ್ನೊಮ್ಮೆ ಓದಿ, ಕಳಿಸಿ, ಆಮೇಲೆ ಹೊರಟೆ. ಅಂಗಳದಲ್ಲಿ ಹಳೆಯ ಗಿರಾಕಿಗಳು ತುಂಬಿದ್ದರು. ಟೀಚರ್ ತಿರುವನಂತಪುರದಿಂದ ಬಂದಿದ್ದರು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ.

ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ನಾನು ಕನ್ನಡದಲ್ಲಿ ಸಮಾಧಾನ ಹೇಳಿದೆ, ಅವಳು ಮಲಯಾಳದಲ್ಲಿ, ಅಕ್ಕಾ ಎನ್ನುವ ಹಾಗೆ ಚೇಚಿ ಎಂದು ಕರೆದು ಕೇಳಿದಳು: "ಚೇಚಿ, ನೀವು ಅಲ್ಲೇ ಇದ್ದವರಲ್ಲವಾ, ಅಪ್ಪನನ್ನು ಕೆಲಸದಿಂದ ಯಾಕೆ ಬಿಡಿಸಿದರು?"

"ಕಾಂಟ್ರಾಕ್ಟ್ ಮುಗಿದಿತ್ತು" ಎಂದೆ.

ಅವಳು ತಲೆಯಾಡಿಸಿದಳು. "ಅಪ್ಪನೂ ಹಾಗೇ ಹೇಳಿದ್ದರು."

ಈಗ ಇದನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ. ಕನ್ನಡ ಕೇಳಿದರೆ ಅವಳಿಗೆ ಅರ್ಥವಾಗುತ್ತದೆ. ಓದಲು ಬರುವುದಿಲ್ಲ.