ಹಿಂದಿನಿಂದ ಓದುವ ಸುಮನ್ ಮಾವಶಿ

ಸುಮನ್ ಮಾವಶಿ ಯಾವುದನ್ನೂ ಮೊದಲ ಪುಟದಿಂದ ಓದಿದವರಲ್ಲ. ಮದುವೆಯ ಆಮಂತ್ರಣ ಕೈಗೆ ಬಂದರೂ ವಧೂವರರನ್ನು ಬಿಟ್ಟು, ಕೆಳಗೆ ಯಾರ ಯಾರ ಹೆಸರು ಹಾಕಿದ್ದಾರೆಂದು ನೋಡುತ್ತಿದ್ದರು. ಸಂಶೋಧನಾ ಲೇಖನವಾದರೆ ಸೀದಾ ಕೊನೆಗೆ, ಉಲ್ಲೇಖಗಳ ಪಟ್ಟಿಗೆ. “ಯಾರನ್ನ ಓದಿ ಬರದಾರ ತಿಳೀತಂದ್ರ ಅರ್ಧಾ ಲೇಖನ ತಿಳೀತು,” ಎನ್ನುವರು.

ಮಿರಜದಲ್ಲಿ ಅವರದು ನಮ್ಮ ಪಕ್ಕದ ಮನೆ; ಅಲ್ಲಿಯ ಮರಾಠಿ ರೂಢಿಯಂತೆ ಓಣಿಯ ಹುಡುಗರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಕೆಲಸ ಸಾಂಗಲಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ಐವತ್ತು ದಾಟಿದ ಮೇಲೆ ಪಿಎಚ್‌ಡಿ ಹಿಡಿದಿದ್ದರು. ಜಲವಿಜ್ಞಾನದ ಪತ್ರಿಕೆಗಳಲ್ಲಿ ಯಾವ ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ಎಣಿಸಿ, ಮಹತ್ವದ್ದು ಯಾವುದೆಂದು ಹೇಳುವುದು ಅವರ ವಿಷಯ. ಅದೇ ಏಕೆ ಎಂದರೆ, “ಹೊಳಿ ಏರಿದಾಗ ಕೃಷ್ಣಾ ನಮ್ಮ ತವರುಮನಿ ಅಡಗಿಮನಿತನಕ ಬಂದು ಹೋಗ್ಯಾಳ. ಆಕಿ ಬಗ್ಗೆ ಬರಿಯೋರು ಯಾರ ಮಾತು ನಂಬ್ಯಾರ, ನೋಡೂದು ಬ್ಯಾಡೇನು?”

ನಾನು ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ವಿರೋಧ ಪಕ್ಷವನ್ನೇ ಕೇಳಿ ಪಡೆಯುವವನು. ಉಳಿದವರು ನನ್ನ ವಾದವನ್ನು ಸಹಿಸಿಕೊಂಡರು, ಮಾವಶಿ ಬಳಸಿಕೊಂಡರು. ಸಂಜೆ ಕರೆದು, “ಬಾರೋ ಶಾಣ್ಯಾ, ಕುಂದ್ರು. ಇವತ್ತ ಬರದದ್ದನ್ನ ಹರದು ಹಾಕು, ನೋಡೂನು,” ಎನ್ನುವರು.

ಒಮ್ಮೆ ನಿಜವಾಗಿಯೂ ಹರಿಯಿತು. ಪ್ರವಾಹದ ಮುನ್ಸೂಚನೆ ಕುರಿತ ಹಳೆಯ ಲೇಖನವೊಂದು ಅವರ ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಮುಖ್ಯ ಅಧ್ಯಾಯ ನಿಂತದ್ದೇ ಅದರ ಮೇಲೆ.

“ಮಾವಶಿ, ನಮ್ಮ ಗಲ್ಲ್ಯಾಗ ದಿನಾ ಎಲ್ಲಾರ ಬಾಯಾಗ ಇರೂದು ಯಾರ ಹೆಸರ್ರಿ?” ಎಂದೆ.

“ನಳಕ್ಕ ನೀರ ಬಿಡಾಂವಂದು.”

“ಹೊಗಳಾಕೇನ್ರಿ?”

ಮಾವಶಿ ನಗಲಿಲ್ಲ. ಆ ಲೇಖನವನ್ನು ಉಲ್ಲೇಖಿಸಿದವುಗಳನ್ನೆಲ್ಲ ತರಿಸಿ ಓದಲು ಕುಳಿತರು. ಹೆಚ್ಚಿನವರು ಅದನ್ನು ಹೆಸರಿಸಿದ್ದು, ಅದು ತಪ್ಪೆಂದು ತೋರಿಸುವುದಕ್ಕೇ.

ಪ್ರಬಂಧ ಸಲ್ಲಿಸುವ ಗಡುವು ಮುಂದೆಯೇ ಇತ್ತು. “ಎಣಿಕಿ ಬರೋಬರ ಐತಲ್ಲ ಮ್ಯಾಡಂ, ಕೊಟ್ಟುಬಿಡ್ರಿ. ಗಡುವು ತಪ್ಪಿತಂದ್ರ ಪದವಿ ಹೋತು,” ಎಂದರಂತೆ ಮಾರ್ಗದರ್ಶಕರು.

“ಎಣಿಕಿ ಬರೋಬರ ಐತ್ರಿ. ಅದರಿಂದ ನಾ ಹೇಳಿದ್ದು ಬರೋಬರ ಇಲ್ಲ,” ಎಂದು ಬಂದವರು ರಜೆ ಹಾಕಿ, ಇಡೀ ಅಧ್ಯಾಯವನ್ನು ಕೆಡವಿ ಹೊಸದಾಗಿ ಬರೆದರು. ಗಡುವಿನ ಕೊನೆಯ ದಿನ ಸಲ್ಲಿಸಿದರು. ಪದವಿ ಬಂತು.

ಅದರ ಬಲದಿಂದಲೇ ಪುಣೆಯಲ್ಲಿ ಹೊಸ ಕೆಲಸ ಸಿಕ್ಕಿತು. ಹೊರಡುವ ಮೊದಲು ನನಗೆ ಪ್ರಬಂಧದ ಒಂದು ಪ್ರತಿ ಕೊಟ್ಟಿದ್ದರು. ಅವರಂತೆಯೇ ಹಿಂದಿನಿಂದ ತೆರೆದೆ. ಕೊನೆಯ ಅಧ್ಯಾಯದ ಹೆಸರು ‘ಈ ಎಣಿಕೆ ಹೇಳಲಾರದ್ದು’.

ಮಿರಜ ಸ್ಟೇಷನ್ನಿನಲ್ಲಿ, ರೈಲಿನ ಕಿಟಕಿಯ ಹೊರಗೆ ನಿಂತು, “ಕೊನೀ ಅಧ್ಯಾಯನೂ ನಾ ಒಪ್ಪೂದಿಲ್ರಿ ಮಾವಶಿ,” ಎಂದೆ.

“ಯಾಕ?” ಎನ್ನುವಷ್ಟರಲ್ಲಿ ಗಾಡಿ ಅಲುಗಿತು. ಅವರು ಕಿಟಕಿಯ ಸರಳು ಹಿಡಿದು ಕೂಗಿ ಹೇಳಿದರು: “ಬರದು ಕಳಸು. ಯಾರನ್ನ ಓದಿ ಒಪ್ಪಲಿಲ್ಲಂತ ಕೆಳಗ ಹಾಕು.”

ಆಮೇಲೆ ನಾವು ಭೇಟಿಯಾಗಿಲ್ಲ. ನಾನು ಇನ್ನೂ ಓದುತ್ತಿದ್ದೇನೆ.