ನಮ್ಮ ಪಾಲಿಗೆ ಪೇಪರ್ ಪ್ಲೇಟು

ಗೊಬ್ಬರ, ಬೀಜದ ಅಂಗಡಿಯವರನ್ನು ಕಂಪನಿಗಳು ಆಗಾಗ ಫಾರಿನ್ನಿಗೆ ಕರೆದುಕೊಂಡು ಹೋಗುತ್ತವೆ. ಹೇಳಿದಷ್ಟು ಮಾಲು ಮಾರಿದವರಿಗೆ, ಹೆಂಡತಿ ಸಮೇತ, ಪುಕ್ಕಟೆ. ಯಮಕನಮರಡಿಯಲ್ಲಿ ನನ್ನ ಗಂಡನ ಅಂಗಡಿ ಇದೆ. ಅವರ ಜೊತೆಯವರೆಲ್ಲ ಬ್ಯಾಂಕಾಕ್, ದುಬೈ ನೋಡಿ ಬಂದಮೇಲೆ ನಮ್ಮ ಪಾಳಿ ಬಂತು. ಈ ಸಲ ವೆಸ್ಟ್ ಇಂಡೀಸ್ ಕಡೆಯ ಒಂದು ಸಣ್ಣ ದ್ವೀಪ. ಮೂಡಲಗಿ ತಾಲೂಕಿನಷ್ಟೂ ದೊಡ್ಡದಲ್ಲ. ಕ್ರಿಕೆಟ್ ನೋಡುವ ಗಂಡಸರಿಗೆ ಮಾತ್ರ ಅದರ ಹೆಸರು ಕೇಳಿ ಗೊತ್ತಿತ್ತು.

ಹೊರಡುವ ಮುಂಚೆ ಒಂಬತ್ತು ಜೋಡಿಗಳೂ ಗೋಕಾಕದಲ್ಲಿ ಸೇರಿದೆವು. ಅಲ್ಲಿ ಸಮುದ್ರ ಹೇಗಿದೆ, ಏನೇನು ನೋಡಬೇಕು ಅಂತ ಯಾರೂ ಕೇಳಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ: ಊಟ ಎಲ್ಲಿ ಮಾಡೋದು? ಗೋಕಾಕದ ಹಿರಿಯ ವ್ಯಾಪಾರಿಯ ಹೆಂಡತಿ, ಎಲ್ಲರೂ ಅವರನ್ನು ಕಾಕು ಅನ್ನುತ್ತಿದ್ದರು, ಕಾಗದ ಪೆನ್ನು ಹಿಡಿದು ಕೂತಿದ್ದರು.

"ಅಲ್ಲಿ ಎಲ್ಲಾದ್ರಾಗೂ ಮಾಂಸ ಹಾಕ್ತಾರಂತ. ನಮ್ಮ ಬುತ್ತಿ ನಾವ ಕಟ್ಟಿಕೊಂಡು ಹೋಗೂಣು. ರೊಟ್ಟಿ ನಂದು."

ಮೂಡಲಗಿಯವರು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅಂದರು. ಇನ್ನೊಬ್ಬರು ಉಪ್ಪಿನಕಾಯಿ, ಮತ್ತೊಬ್ಬರು ಶೇಂಗಾ ಹೋಳಿಗೆ. ನನ್ನ ಪಾಳಿ ಬಂದಾಗ ಕಾಕು ತಲೆ ಎತ್ತದೆ ಹೇಳಿದರು: "ಟೀಚರ್, ನೀವು ಪೇಪರ್ ಪ್ಲೇಟು, ಗ್ಲಾಸು ತರ್ರಿ. ಅವೂ ಬೇಕಲ್ರಿ ಮತ್ತ."

ನಾವು ಬೌದ್ಧರು. ಅಜ್ಜನ ಕಾಲಕ್ಕೇ ಆದದ್ದು. ಅದಕ್ಕೂ ಮುಂಚೆ ನಾವು ಏನಾಗಿದ್ದೆವು ಅನ್ನುವುದನ್ನು ಮಾತ್ರ ನಮ್ಮ ಸುತ್ತಮುತ್ತ ಯಾರೂ ಮರೆತಿಲ್ಲ. ನಾನು ಎಂ.ಎ. ಮಾಡಿ ಹುಕ್ಕೇರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ಇವರಲ್ಲಿ ಕೆಲವರ ಮಕ್ಕಳು ನನ್ನ ಹತ್ತಿರವೇ ಕಲಿತಿದ್ದಾರೆ. ಆದರೂ ನಮ್ಮ ಪಾಲಿಗೆ ಪೇಪರ್ ಪ್ಲೇಟು. ಅಂಗಡಿಯಲ್ಲಿ ಕೊಂಡು ತರುವಂಥದ್ದು, ನಮ್ಮ ಒಲೆಯ ಬಿಸಿ ತಾಗದಂಥದ್ದು.

ಆ ಹೊತ್ತಿಗೆ ನಾನು ವೈನಿಯ ಮುಖ ನೋಡಿದೆ. ವೈನಿ, ಅಂದರೆ ಅತ್ತಿಗೆ, ಎಂದು ನಾನು ಕರೆಯುವುದು ನಮ್ಮದೇ ಶಾಲೆಯ ಶಿಕ್ಷಕಿಯನ್ನು. ಅವರ ಯಜಮಾನರದು ಹತ್ತರಗಿಯಲ್ಲಿ ಬೀಜದಂಗಡಿ. ಹನ್ನೊಂದು ವರ್ಷದಿಂದ ಒಂದೇ ಸ್ಟಾಫ್ ರೂಮಿನಲ್ಲಿ ಪಕ್ಕಪಕ್ಕ ಕೂತವರು ನಾವು. ನನ್ನ ಮಗಳ ಹೆರಿಗೆಯಲ್ಲಿ ರಕ್ತ ಬೇಕಾದಾಗ ಓಡಿ ಬಂದು ಕೊಟ್ಟವರು ಅವರು. ನಮ್ಮ ಮನೆಗೆ ಹತ್ತಾರು ಸಲ ಬಂದಿದ್ದಾರೆ. ಬಂದಾಗಲೆಲ್ಲ ಅವರದು ಉಪವಾಸ. ಸೋಮವಾರ ಬಂದರೂ ಉಪವಾಸ, ಗುರುವಾರ ಬಂದರೂ ಉಪವಾಸ, ಏಕಾದಶಿ, ಸಂಕಷ್ಟಿ. ದೈವಭಕ್ತೆ, ಪಾಪ, ಎಂದು ನಾನು ನಂಬಿದ್ದೆ. ನಂಬಬೇಕು ಅಂತಲೇ ನಂಬಿದ್ದೆ. ಉಳಿದ ಹದಿನೈದು ಮಂದಿ ನನ್ನ ಕೈಯ ಅನ್ನ ಉಂಡರೆಷ್ಟು, ಬಿಟ್ಟರೆಷ್ಟು. ಈ ಒಬ್ಬರು ಉಣ್ಣಬೇಕಿತ್ತು ನನಗೆ.

ಅಂದು ವೈನಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು.

ಮನೆಗೆ ಬಂದವಳೇ ಜೋಳದ ಹಿಟ್ಟು ನಾದಿಕೊಂಡು ಕೂತೆ. ಗಂಡ ಬಾಗಿಲಲ್ಲಿ ನಿಂತು, "ಯಾಕ ಸುಮ್ಮನ? ಪ್ಲೇಟ್ ಅಂದಾರ, ಪ್ಲೇಟ್ ಒಯ್ದರಾತು" ಅಂದರು. ಅವರಿಗೆ ವ್ಯಾಪಾರ ಮಾಡಬೇಕು, ಎಲ್ಲರ ಜೊತೆ ನಗಬೇಕು. ನಾನು ನೂರು ರೊಟ್ಟಿ ಬಡಿದೆ. ಹಂಚಿನಿಂದ ತೆಗೆದದ್ದನ್ನು ಒಲೆಯ ಬದಿಗೆ ಆನಿಸಿ, ಹಪ್ಪಳದ ಹಾಗೆ ಕಡಕ್ ಆಗುವವರೆಗೆ ಒಣಗಿಸಿ, ಬಿಳಿ ಅರಿವೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದೆ. ಪೇಪರ್ ಪ್ಲೇಟನ್ನೂ ಒಯ್ದೆ. ಅದರಲ್ಲಿ ನನ್ನದೇನೂ ತಪ್ಪಿರಬಾರದು.

ದ್ವೀಪದ ಮಾತು ಹೇಳುವುದಾದರೆ, ಉಣ್ಣಲಿಕ್ಕೆ ಅಂಥ ಒಳ್ಳೆಯ ಜಾಗ ನಾನು ಕಂಡಿಲ್ಲ. ದಂಡೆಯ ಮೇಲೆ ಅರ್ಧ ಪೀಪಾಯಿಯಲ್ಲಿ ಕೆಂಡ ಹಾಕಿ ಆಗಷ್ಟೇ ಹಿಡಿದ ಮೀನು ಸುಡುತ್ತಿದ್ದರು. ಜೊತೆಗೆ ಹಲಸಿನ ಜಾತಿಯದೊಂದು ಕಾಯಿ ಸುಟ್ಟು ಕೊಡುತ್ತಿದ್ದರು, ಒಳಗೆ ಗೆಣಸಿನಷ್ಟು ಮೆತ್ತಗೆ. ನಾನೂ ನನ್ನ ಗಂಡನೂ ಮೊದಲ ದಿನವೇ ಮರಳಿನಲ್ಲಿ ಕೂತು ತಿಂದೆವು. ಉಳಿದವರು ದೂರದಲ್ಲಿ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ನಿಂತರು. ಅವರಲ್ಲಿ ಮೂವರು ಗಂಡಸರು ವಾರಕ್ಕೆರಡು ಸಲ ಹೈವೇ ಢಾಬಾದಲ್ಲಿ ಕೋಳಿಯ ಕಾಲು ಚೀಪುವವರು. ಹೆಂಡಿರು ಜೊತೆಗಿದ್ದ ಕಾರಣಕ್ಕೆ ವಿದೇಶದಲ್ಲಿ ಶುದ್ಧರಾಗಿಬಿಟ್ಟಿದ್ದರು.

ಮೂರನೆಯ ದಿನ ಕಾಕುವಿನ ರೊಟ್ಟಿ ಕೆಟ್ಟವು. ವಿಮಾನದಲ್ಲಿ ಪುಡಿಯಾಗುತ್ತವೆ ಅಂತ ಹೆದರಿ ಅವರು ಪೂರ್ತಿ ಒಣಗಿಸದೆ, ಮೆತ್ತಗಿರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಟೇಪ್ ಸುತ್ತಿಸಿದ್ದರು. ಜೋಳದ ರೊಟ್ಟಿ ಬಡಿಯುವುದರಲ್ಲಿ ಮುದುಕಿಯಾದ ಹೆಂಗಸು! ಸಮುದ್ರದ ಹಸಿ ಗಾಳಿಗೆ ಬಿಚ್ಚಿದರೆ ರೊಟ್ಟಿಯ ಮೇಲೆಲ್ಲ ಹಸಿರು ಬೂಸಲು.

ನಾನು ಡಬ್ಬಿ ತಂದು ನಡುವೆ ಇಟ್ಟೆ. "ನಮ್ಮವು ಅದಾವ್ರಿ. ಕಡಕ್ ಅದಾವು, ತಗೋರಿ."

ಎಲ್ಲರೂ ಡಬ್ಬಿ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. "ಅಯ್ಯ, ಯಾರಿಗೂ ಹಸಿವಿಲ್ರಿ ಟೀಚರ್" ಅಂದರು ಕಾಕು, ಎಲ್ಲರ ಹೊಟ್ಟೆಯ ಪರವಾಗಿ. ನನ್ನ ಪ್ಲೇಟುಗಳಲ್ಲಿ ಬಾಳೆಹಣ್ಣು, ಬಿಸ್ಕೀಟು ಹಂಚಿಕೊಂಡರು. ವೈನಿ ಅದನ್ನೂ ತಿನ್ನಲಿಲ್ಲ.

ಮರುದಿನ ಪೇಟೆಯಲ್ಲಿ ಯಾರೋ ಒಂದು ರೊಟ್ಟಿ ಅಂಗಡಿ ಹುಡುಕಿ ತೆಗೆದರು. ಅಂಗಡಿಯಾಕೆಯ ಮುತ್ತಜ್ಜಿಯನ್ನು ಕಬ್ಬಿನ ಹೊಲದ ಕೂಲಿಗೆ ಅಂತ ಹಡಗಿನಲ್ಲಿ ಇಂಡಿಯಾದಿಂದ ತಂದಿದ್ದರಂತೆ. ಬೇಳೆ ತುಂಬಿದ ದೊಡ್ಡ ಮೈದಾ ರೊಟ್ಟಿ, ಒಳಗೆ ಬಟಾಟಿ ಪಲ್ಯ. "ನಮ್ಮವರ ಅದಾರ್ರಿ!" ಎಂದು ಕಾಕುವಿಗೆ ಕಣ್ಣಲ್ಲಿ ನೀರೇ ಬಂತು. ಯಾವ ಊರಿನವರು, ಯಾವ ಜನ ಎಂದು ನನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಕೇಳಿಸಿದರು. ಆಕೆ ನಕ್ಕು, ಊರೂ ಗೊತ್ತಿಲ್ಲ, ಜನವೂ ಗೊತ್ತಿಲ್ಲ, ಹಡಗು ಹತ್ತಿದಮೇಲೆ ಯಾರು ಅದನ್ನೆಲ್ಲ ನೆನಪಿಟ್ಟುಕೊಳ್ಳುತ್ತಾರೆ ಅಂದಳು. ನಾನು ಅದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಯಾರ ಕೈಯೂ ನಿಲ್ಲಲಿಲ್ಲ. ಎರಡೆರಡು ತಿಂದರು. ಯಾರ ಮಗಳೆಂದು ಗೊತ್ತಿರದ ಹೆಂಗಸಿನ ಕೈಯೂಟ ನಡೆಯುತ್ತದೆ. ನನ್ನದು ನಡೆಯದ ಕಾರಣ, ನಾನು ಯಾರ ಮಗಳು ಎಂದು ಅವರಿಗೆ ಚೆನ್ನಾಗಿ ಗೊತ್ತು.

ವೈನಿ ಮಾತ್ರ ಅಲ್ಲೂ ತಿನ್ನಲಿಲ್ಲ. ಕೋಳಿಯ ಪಾತ್ರೆಗೆ ಹಾಕಿದ ಸೌಟನ್ನೇ ಬಟಾಟಿಗೆ ಹಾಕಿದ್ದನ್ನು ಅವರು ನೋಡಿದ್ದರು. "ನಂದು ಉಪವಾಸ" ಅಂದರು.

ಅದರ ಮರುದಿನ ಬೆಳಿಗ್ಗೆ ಎಲ್ಲರೂ ಬಸ್ಸಿಗಾಗಿ ಕೆಳಗೆ ಇಳಿದಿದ್ದರು. ಹೋಟೆಲಿನ ರೂಮಿನಲ್ಲಿ ನಾನೊಬ್ಬಳೇ ಬ್ಯಾಗು ಕಟ್ಟುತ್ತಿದ್ದೆ. ವೈನಿ ಬಂದು ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದರು. ಮುಖ ಬಿಳಿಚಿಕೊಂಡಿತ್ತು.

"ಟೀಚರ್, ಖಾಲಿ ಹೊಟ್ಟ್ಯಾಗ ಸಕ್ಕರಿ ಬ್ಯಾನಿ ಗುಳಿಗಿ ತಗೊಂಡೇನಿ. ಕೈ ನಡಗಾಕತ್ತಾವು. ಒಂದ ರೊಟ್ಟಿ ಕೊಡ್ರಿ."

ಮೊದಲು ಸಕ್ಕರೆ ನೀರು ಕುಡಿಸಿದೆ. ಆಮೇಲೆ ಡಬ್ಬಿ ಬಿಚ್ಚಿದೆ. ಮಂಚದ ಅಂಚಿನಲ್ಲಿ ಕೂತು, ರೊಟ್ಟಿಯನ್ನು ತೊಡೆಯ ಮೇಲೆ ಮುರಿದುಕೊಂಡು, ನಾನು ರೊಟ್ಟಿಯ ಜೊತೆ ತಂದಿದ್ದ ಅಗಸಿ ಚಟ್ನಿ ಹಚ್ಚಿ ಅವರು ತಿಂದರು. ಒಂದಲ್ಲ, ನಾಲ್ಕು. ಹನ್ನೊಂದು ವರ್ಷ ಆಗದ್ದು ನನ್ನ ಕಣ್ಣೆದುರಿಗೆ ಆಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳುವಷ್ಟು ಖುಷಿಯಾಯಿತು. "ಇನ್ನೊಂದ ತಗೋರಿ ವೈನಿ, ಇನ್ನೊಂದ" ಎಂದು ಅವರ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದೆ.

ಅವರು ನೀರು ಕುಡಿದರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಕನ್ನಡಿಯ ಮುಂದೆ ಹೋಗಿ ಹಲ್ಲು ನೋಡಿಕೊಂಡರು.

"ರೊಟ್ಟಿ ಛಲೋ ಆಗ್ಯಾವ್ರಿ" ಅಂದರು. ಬಾಗಿಲಿನ ಹತ್ತಿರ ತಿರುಗಿ, ದನಿ ತಗ್ಗಿಸಿ, "ಕೆಳಗ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ನೀವು ತಿಳದವರು ಅದೀರಿ" ಅಂದರು.

ನಾನು ತಿಳಿದವಳು. ಐದು ನಿಮಿಷ ಬಿಟ್ಟು ಬೇರೆಯಾಗಿ ಇಳಿದೆ.

ಬಸ್ಸಿನಲ್ಲಿ ವೈನಿಯ ಪಕ್ಕದ ಸೀಟು ಖಾಲಿ ಇತ್ತು, ಕೂತೆ. ಮುಂದಿನ ಸೀಟಿನಿಂದ ಕಾಕು ಕರದಂಟಿನ ಡಬ್ಬಿ ಹಿಡಿದು ತಿರುಗಿದರು. "ಎರಡ ದಿನಾ ಆತು ಏನೂ ತಿಂದಿಲ್ಲಲ್ಲ ನೀ. ಇದರೆ ತಗೋ."

"ಬ್ಯಾಡ್ರಿ ಕಾಕು, ಇವತ್ತೂ ಹಿಂಗ ಇರ್ತೇನಿ. ಉಪವಾಸ ಐತ್ರಿ" ಅಂದರು ವೈನಿ. ನಾಲಿಗೆ ಒಂದಿಷ್ಟೂ ತೊಡರಲಿಲ್ಲ.

"ಎಷ್ಟ ಗಟ್ಟಿ ಹೆಂಗಸು ನೋಡ್ರಿ ಟೀಚರ್" ಎಂದು ಕಾಕು ನನ್ನ ಕಡೆ ನೋಡಿದರು.

ಹೇಳಿಬಿಡಬಹುದಿತ್ತು. ನಾಲ್ಕು ರೊಟ್ಟಿ ತಿಂದಾರ್ರಿ, ನನ್ನ ಕೈಲೆ, ಈಗಷ್ಟ. ಅಷ್ಟೇ ಮಾತು. ಆಗ ವೈನಿಯ ಸೀರೆಯ ನಿರಿಗೆಯಲ್ಲಿ ರೊಟ್ಟಿಯ ಚೂರೊಂದು ಸಿಕ್ಕಿಕೊಂಡದ್ದು ಕಂಡಿತು. ಹೆಬ್ಬೆರಳಿನಷ್ಟು ದೊಡ್ಡದು. ಕಾಕುವಿನ ಕಣ್ಣಿಗೂ ಇನ್ನೇನು ಬೀಳಬೇಕು. ವೈನಿ ಅದನ್ನು ನೋಡಿರಲಿಲ್ಲ.

ಅವರ ಮಾನ ಹೋಗಬಾರದೆಂದು ನಾನೇ ಕೈ ಚಾಚಿ ಅದನ್ನು ಎತ್ತಿಕೊಂಡೆ, ಮುಷ್ಟಿಯಲ್ಲಿ ಅಡಗಿಸಿಕೊಂಡೆ. ನಾನು ಬಡಿದ ರೊಟ್ಟಿ ಅದು. ವೈನಿಯ ಮೇಲಿನ ಸಿಟ್ಟು ಈಗ ಇಳಿದಿದೆ. ಅದನ್ನು ಅಡಗಿಸಿದ ನನ್ನ ಕೈಯ ಮೇಲಿನ ಸಿಟ್ಟು ಇಳಿದಿಲ್ಲ.